ಕಪ್ಪೆಮೊಟ್ಟೆಯ ಲೋಳೆ

ನಮ್ಮ ಮನೆಯಲ್ಲಿ ನೀರಿಗೂ ಆಯುಸ್ಸು ಇತ್ತು. ಬಾವಿಯಿಂದ ಸೇದಿ, ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಗಾಳಿಸಿದ ನೀರು ಎರಡು ಗಳಿಗೆ ಬಾಳುತ್ತಿತ್ತು. ಗಡಿಯಾರದ ಪ್ರಕಾರ ಮುಕ್ಕಾಲು ಗಂಟೆಯ ಮೇಲೆ ಮೂರು ನಿಮಿಷ. ಅಷ್ಟರೊಳಗೆ ಬಳಸದಿದ್ದರೆ ಅದರಲ್ಲಿ ಮತ್ತೆ ಸೂಕ್ಷ್ಮ ಜೀವಗಳು ಹುಟ್ಟುತ್ತವೆ, ಮತ್ತೆ ಗಾಳಿಸಬೇಕು. ಲವಂಗದ ಪುಡಿ ಹಾಕಿದರೆ ಆರು ಗಂಟೆ, ಚೆನ್ನಾಗಿ ಕುದಿಸಿದರೆ ಒಂದು ದಿನ. ಬೇರೆ ಮನೆಯ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ಇದನ್ನು ಕಲಿತೆ. ಈ ನಿಯಮ ಮಾಡಿದವರು ಯಾರೋ ನನಗೆ ತಿಳಿಯದು. ಅವರ ಮನೆಯಲ್ಲಿ ನೀರು ಸೇದುವುದಕ್ಕೆ ಒಬ್ಬ ಹೆಣ್ಣುಮಗಳು ಇದ್ದಳು ಎಂಬುದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ನಮ್ಮ ಮನೆಯಲ್ಲಿ ಆ ಹೆಣ್ಣುಮಗಳು ನಾನೇ ಆಗಿದ್ದೆ.

ನಾವು ಜೈನರು, ಹಳೇಬೀಡಿನಲ್ಲಿ ಬಸದಿಗಳ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಮನೆ. ಮುಂದೆ ಕೊಬ್ಬರಿ ರಾಶಿ ಹಾಕುವ ಜಗಲಿ, ಆಮೇಲೆ ಕತ್ತಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಬಾಗಿಲು ತೆಗೆದರೆ ಹಿತ್ತಲು, ಹಿತ್ತಲಲ್ಲಿ ಬಾವಿ. ಅಪ್ಪ ಕೊಬ್ಬರಿ ವ್ಯಾಪಾರಿ, ವಾರದಲ್ಲಿ ಎರಡು ದಿನ ಅರಸೀಕೆರೆಯಲ್ಲೇ ಇರುತ್ತಿದ್ದರು. ಅಣ್ಣನೂ ಅರಸೀಕೆರೆಯಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದ. ಅವನು ಕಾಲೇಜಿಗೆ ಹೋಗಬೇಕೋ ಬೇಡವೋ ಎಂಬ ಮಾತು ಆ ಮನೆಯಲ್ಲಿ ಒಂದು ದಿನವೂ ಎದ್ದದ್ದನ್ನು ನಾನು ಕೇಳಲಿಲ್ಲ. ಅಮ್ಮನಿಗೆ ಸೊಂಟನೋವು, ಬಗ್ಗಿ ಹಗ್ಗ ಎಳೆಯುವಂತಿರಲಿಲ್ಲ. ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಕಣ್ಣು ಮಂಜು. ಆದರೂ ಯಾವ ನೀರು ಯಾವಾಗ ಗಾಳಿಸಿದ್ದು ಎಂಬುದು ಗಡಿಯಾರ ನೋಡದೆಯೂ ಅವಳಿಗೆ ತಿಳಿಯುತ್ತಿತ್ತು. ಲೋಟ ಬಾಯಿಗಿಟ್ಟವಳು ಹಾಗೇ ಕೆಳಗಿಟ್ಟು, 'ಇದು ಹೊತ್ತು ಮೀರೈತೆ ಕಣೇ ಪದ್ದಿ' ಅನ್ನುತ್ತಿದ್ದಳು. ನಾನು ಪುಸ್ತಕ ಮುಚ್ಚಿ ಏಳುತ್ತಿದ್ದೆ.

ಸೇದುವುದು ಗಾಳಿಸುವುದು ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಬಟ್ಟೆಯಲ್ಲಿ ಉಳಿದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ವಾಪಸು ಹೋಗಬೇಕು. ಈ ಬಾವಿಯದ್ದು ಈ ಬಾವಿಗೇ, ಕೆರೆಯದ್ದು ಕೆರೆಗೇ. ಮೇಲಿನಿಂದ ದಬಕ್ಕನೆ ಸುರಿಯುವಂತಿಲ್ಲ, ಬಿದ್ದ ಏಟಿಗೆ ಸತ್ತಾವು. ಅದಕ್ಕೆಂದೇ ತಳದಲ್ಲಿ ಒಂದು ಕೊಕ್ಕೆಯಿರುವ ಸಣ್ಣ ಬಿಂದಿಗೆ ಇತ್ತು. ಬಟ್ಟೆಯನ್ನು ತಿರುವಿಹಾಕಿ ಅದರೊಳಗೆ ಜಾಲಿಸಿ, ಕಂಠಕ್ಕೊಂದು ತಳಕ್ಕೊಂದು ಹಗ್ಗ ಕಟ್ಟಿ, ಮೆಲ್ಲಗೆ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದು ಬೋರಲು ಮಾಡಬೇಕು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಇದೆಲ್ಲ ಮುಗಿಯಬೇಕಿತ್ತು. ಮುಗಿಯುತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಸೇರಿದ ಮೇಲೆ ನಾನು ಮೊದಲನೇ ಗಂಟೆಯ ಪಾಠ ಪೂರ್ತಿ ಕೇಳಿದ ದಿನಗಳು ಬೆರಳೆಣಿಕೆಯಷ್ಟು. ಹೆಡ್‌ಮಾಸ್ಟರು ಅಪ್ಪನನ್ನು ಕರೆಸಿ, ಹೊತ್ತಿಗೆ ಸರಿಯಾಗಿ ಕಳಿಸಿ ಎಂದರು. ಅಪ್ಪ ಮನೆಗೆ ಬಂದು ಹೇಳಿದ್ದು ಬೇರೆ.

"ನೋಡು, ಮನೆ ಕೆಲಸ ಕೆಡಬಾರ್ದು, ಸ್ಕೂಲಿಂದ ದೂರೂ ಬರಬಾರ್ದು. ಇನ್ನೊಂದ್ ಸತಿ ಏನಾದ್ರೂ ಅಂತ ಬಂತೋ, ಬಿಟ್‌ಬಿಡು ಅಷ್ಟೇ. ಏಳನೇ ಕ್ಲಾಸ್ ಆಗೈತಲ್ಲ, ಸಾಕು."

ಎರಡರಲ್ಲಿ ಯಾವುದು ತಪ್ಪಿದರೂ ಬಿಡಬೇಕಾದದ್ದು ಶಾಲೆಯನ್ನೇ. ಇದು ಯಾವ ನ್ಯಾಯ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವತ್ತಿನಿಂದ ಇನ್ನೂ ಅರ್ಧ ಗಂಟೆ ಮೊದಲು ಏಳತೊಡಗಿದೆ.

ಅಜ್ಜಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಒಲೆಗೆ ಹಾಕುವ ಮೊದಲು ಸೌದೆಯ ಒಂದೊಂದು ಸೀಳನ್ನೂ ಕುಟ್ಟಿ, ತಿರುಗಿಸಿ, ಒಳಗೆ ಇರುವೆ ಗೆದ್ದಲು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವವಳು. ಬೆಲ್ಲದ ಪಾಕಕ್ಕೆ ಇರುವೆ ಬಿದ್ದರೆ ಅವಳು ಮಾಡುವ ಉಪಚಾರ ನೋಡಬೇಕು. ಒದ್ದೆ ನೂಲಿನ ತುದಿಯಿಂದ ಇರುವೆಯನ್ನು ಎತ್ತಿ, ಅಂಗೈಯಲ್ಲಿಟ್ಟು, ಹನಿ ಹನಿ ನೀರು ಬಿಟ್ಟು ಕಾಲಿಗಂಟಿದ ಪಾಕ ತೊಳೆದು, ಬಿಸಿಲಿಗೆ ಬಿಡುತ್ತಿದ್ದಳು. ಅದು ಸುಧಾರಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಅವಳ ಮುಖದಲ್ಲಿ ಮಗು ನಡೆದಷ್ಟು ಸಂತೋಷ. ಅವಳ ಕಣ್ಣು ಮಂಜಾದ ಮೇಲೆ ಆ ಕೆಲಸವೂ ನನಗೇ ಬಂತು. ನನ್ನ ಕೈ ಅದರಲ್ಲಿ ಪಳಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಮುಂದೆ ಆದದ್ದಕ್ಕೆ ಆ ಪಳಗಿದ ಕೈಯೇ ಕಾರಣ.

ಆ ವರ್ಷ ಮುಂಗಾರು ತಡವಾಗಿ ಹಿಡಿದು ಒಂದು ವಾರವಾಗಿತ್ತು. ಬಾವಿ ಅರ್ಧ ತುಂಬಿ, ಒಳಗಿನ ಕಲ್ಲುಸಂದುಗಳಲ್ಲಿ ಕಪ್ಪೆಗಳು ವಟಗುಟ್ಟುತ್ತಿದ್ದವು. ಬೆಳಿಗ್ಗೆ ಮೊದಲ ಕೊಡ ಬಟ್ಟೆಗೆ ಸುರಿದಾಗ ಲೊಳಕ್ಕೆಂದು ಏನೋ ಬಿತ್ತು. ಎರಡು ಬೊಗಸೆಯಷ್ಟು ಲೋಳೆ, ಅದರ ತುಂಬ ಕರಿ ಚುಕ್ಕೆಗಳು. ಕಾಮಕಸ್ತೂರಿ ಬೀಜ ನೆನೆಹಾಕಿದರೆ ಹೇಗಿರುತ್ತದೋ ಹಾಗಿತ್ತು. ಸಣ್ಣಪುಟ್ಟ ಹುಳು ಆಗಿದ್ದರೆ ಬಟ್ಟೆ ಜಾಲಿಸಿದಾಗ ಬಿಂದಿಗೆಗೆ ಇಳಿದುಬಿಡುತ್ತಿದ್ದವು. ಇದು ಬಟ್ಟೆಗೇ ಅಂಟಿಕೊಂಡು ಕೂತಿತು, ಜಾಲಿಸಿದರೂ ಬಿಡಲಿಲ್ಲ. ಅಂದು ಮೊದಲನೇ ಗಂಟೆಯಲ್ಲಿ ವಿಜ್ಞಾನದ ಪರೀಕ್ಷೆ. ಇಡೀ ವಾರ ಓದಿಕೊಂಡಿದ್ದೆ. ನಾನು ಅಜ್ಜಿಯನ್ನು ಕರೆದೆ. ಅವಳು ಬಂದು ಬಟ್ಟೆಯ ಮೇಲೆ ಕೈಯಾಡಿಸಿದಳು.

"ಕಪ್ಪೆ ಮರಿ ಕಣೇ ಇವು. ಅಯ್ಯೋ ಪಾಪ, ಲೋಳೇಲಿ ಸಿಕ್ಕಾಕ್ಕೊಂಡವೆ. ಹಿಂಗೇ ಬಿಟ್ರೆ ಉಸ್ರು ಕಟ್ಟಿ ಸಾಯ್ತವೆ. ಒಂದೊಂದಾಗಿ ಬಿಡ್ಸು."

"ಅಜ್ಜೀ, ಪರೀಕ್ಷೆ ಐತೆ. ಸಾಯಂಕಾಲ ಬಂದು ಬಿಡುಸ್ತೀನಿ."

"ಪರೀಕ್ಷೆ ನಾಳೆನೂ ಬತ್ತದೆ. ಜೀವ ಬತ್ತದಾ?"

ಇಂಥ ಮಾತಿಗೆ ಎದುರಾಡಲು ನಮ್ಮ ಮನೆಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಒಂದು ಕಡೆ ಜೀವ ಇಟ್ಟುಬಿಟ್ಟರೆ ಇನ್ನೊಂದು ಕಡೆ ನೀವು ಏನಿಟ್ಟರೂ ಹಗುರವೇ. ನಾನು ಲಂಗ ಸಿಕ್ಕಿಸಿಕೊಂಡು ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ಒಂದು ಕಡೆ ಕಲ್ಲುಬಾನಿಯಲ್ಲಿ ಲೋಳೆಯ ಮುದ್ದೆ, ಇನ್ನೊಂದು ಕಡೆ ಕಂಚಿನ ಬಟ್ಟಲಲ್ಲಿ ಅದೇ ಬಾವಿಯ ನೀರು. ಹಳೆಯ ಮಲ್ಲುಪಂಚೆಯ ಚೂರಿನಿಂದ ಒಂದೊಂದು ಕರಿಗುಂಡನ್ನೂ ಹಿಡಿದು, ಮೆತ್ತಗೆ ಉಜ್ಜಿ, ಲೋಳೆ ಕಳಚಿ, ಬಟ್ಟಲಿಗೆ ಬಿಡುವುದು. ಲೋಳೆಯ ಒಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಇನ್ನೊಂದು ಪೊರೆ ಇತ್ತು. ಅದೂ ಕೆಲವೊಮ್ಮೆ ಬಟ್ಟೆಗೆ ಹತ್ತಿ ಬಂದುಬಿಡುತ್ತಿತ್ತು. ಲೋಳೆಯಲ್ಲಿದ್ದಾಗ ದುಂಡಗೆ ನಿಂತಿದ್ದ ಗುಂಡು ಬಟ್ಟಲಿಗೆ ಬಿದ್ದ ಮೇಲೆ ತಳಕ್ಕೆ ಹೋಗಿ ಚಪ್ಪಟೆಯಾಗಿ ಕೂರುತ್ತಿತ್ತು. ನನಗೆ ಅನುಮಾನ ಬಂತು. ಬರಲಿಲ್ಲ ಎಂದು ಸುಳ್ಳು ಹೇಳಲಾರೆ.

"ಅಜ್ಜೀ, ಬಿಡ್ಸಿದ್ಮೇಲೆ ಇವು ಸಪ್ಪಗಾಗ್ತವೆ."

"ಸುಸ್ತಾಗಿರ್ತವೆ. ಇರುವೆ ಹಂಗೇ ಅಲ್ವಾ ಮೊದ್ಲು ಬಿದ್ದಿರದು? ದಮ್ ತಗೊಳ್ಲಿ, ನೀನು ಕೆಲ್ಸ ಮಾಡು."

ಸಂಜೆಯವರೆಗೂ ಮಾಡಿದೆ. ಅರ್ಧವಷ್ಟೇ ಮುಗಿದಿತ್ತು. ಸೂರ್ಯ ಮುಳುಗುವ ಮೊದಲು ನಮ್ಮಲ್ಲಿ ಊಟ ಆಗಲೇಬೇಕು, ಆಮೇಲೆ ದೀಪದ ಬೆಳಕಿನಲ್ಲಿ ನೀರಿನ ಕೆಲಸ ಮಾಡುವಂತಿಲ್ಲ. ಹಾಗಾಗಿ ಬಿಡಿಸಿದ್ದು ಬಟ್ಟಲಲ್ಲಿ, ಬಿಡಿಸದೇ ಇದ್ದದ್ದು ಕಲ್ಲುಬಾನಿಯಲ್ಲಿ ಉಳಿದವು. ಎಲ್ಲವನ್ನೂ ಒಟ್ಟಿಗೆ ಬಾವಿಗೆ ಬಿಡೋಣ ಎಂದಳು ಅಜ್ಜಿ. ಮಾರನೆಯ ಬೆಳಿಗ್ಗೆ ಅಮ್ಮ ನನ್ನ ಕೈ ನೋಡಿ, ಉಜ್ಜಿ ಉಜ್ಜಿ ಬೆರಳ ತುದಿ ಬಿಳಚಿಕೊಂಡದ್ದನ್ನು ಕಂಡು, ಇವತ್ತು ಇವಳು ಶಾಲೆಗೆ ಹೋಗಲಿ, ನೀರು ನಾನೇ ಹೇಗೋ ನೋಡಿಕೊಳ್ಳುತ್ತೇನೆ ಎಂದಳು. ಹೊರಡುವಾಗ ಬಟ್ಟಲೊಳಗೆ ಇಣುಕಿದೆ. ಗುಂಡುಗಳ ಮೇಲೆ ಬೆಳ್ಳಗೆ ಮಬ್ಬು ಕಟ್ಟಿತ್ತು. ಅದರ ಮರುದಿನ ಅವುಗಳ ಮೇಲೆಲ್ಲ ಹತ್ತಿಯಂಥ ಬೂಸ್ಟು. ಕಲ್ಲುಬಾನಿಯಲ್ಲಿ, ನಾವು ಕೈಯಿಡದ ಲೋಳೆಯ ಒಳಗೆ, ಕರಿ ಚುಕ್ಕೆಗಳು ಉದ್ದವಾಗಿ ಬಾಲ ಆಡಿಸುತ್ತಿದ್ದವು. ಅಜ್ಜಿಗೆ ಕಾಣುತ್ತಿರಲಿಲ್ಲ. 'ಹೆಂಗವೆ?' ಎಂದು ಕೇಳಿದಳು. ಹಾಗೇ ಇವೆ ಎಂದು ಹೇಳಿ ಶಾಲೆಗೆ ಓಡಿದೆ.

ವಿಜ್ಞಾನದ ಮೇಷ್ಟ್ರು ಗಂಡಸಿ ಊರಿನ ಕಡೆಯವರು, ಬೇಗ ನಗುವ ಮನುಷ್ಯ. ಪಾಠ ಮುಗಿದ ಮೇಲೆ ಎದ್ದು ನಿಂತು, ಕಪ್ಪೆಮೊಟ್ಟೆಯ ಸುತ್ತ ಇರುವ ಲೋಳೆ ತೆಗೆದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಬೋರ್ಡಿನ ಮೇಲೆ ಒಂದರ ಹೊರಗೆ ಒಂದರಂತೆ ಮೂರು ವೃತ್ತ ಬರೆದರು.

"ತೆಗೀಬಾರ್ದು ಕಣಮ್ಮ. ಅದು ಕೊಳೆ ಅಲ್ಲ, ಅದನ್ನ ಕಾಯೋ ಹೊದಿಕೆ. ಪೆಟ್ಟು ತಾಗದ ಹಾಗೆ, ಬೂಸ್ಟು ಹಿಡೀದ ಹಾಗೆ, ಇನ್ನೊಂದು ಪ್ರಾಣಿ ತಿನ್ನದ ಹಾಗೆ ಅದೇ ನೋಡ್ಕೊಳ್ಳೋದು. ಒಳಗೊಂದು ತೆಳು ಪೊರೆ ಬೇರೆ ಇರ್ತದೆ. ಎಲ್ಲಾ ಮೊಟ್ಟೆಗೂ ಹಿಂಗೆ ಏನಾದ್ರೂ ಒಂದು ಇದ್ದೇ ಇರ್ತದೆ. ಕೋಳಿಮೊಟ್ಟೆ ಚಿಪ್ಪು ಒಡೆದ್ರೆ ಒಳಗಡೆ ಬಿಳಿ ಕಾಗದದ ಥರ ಅಂಟ್ಕೊಂಡಿರ್ತದಲ್ಲ... ಅಯ್ಯೋ, ನೀನೆಲ್ಲಿ ನೋಡಿರ್ತೀಯ ಬಿಡು."

ಇಡೀ ಕ್ಲಾಸು ನಕ್ಕಿತು. ನನಗೆ ಅಳು ಬಂತು, ನಗುವಿಗಲ್ಲ. ಹಿತ್ತಲಲ್ಲಿ ಕೂತು ದಿನವಿಡೀ ನಾನು ಮಾಡಿದ್ದು ಏನು ಎಂದು ಆಗ ತಾನೇ ತಿಳಿದಿತ್ತು. ಇರುವೆಗೆ ಪಾಕ ಅಂಟಿದ್ದನ್ನು ತೊಳೆದವರು ನಾವು, ಹಾಗಾಗಿ ಮೈಗೆ ಅಂಟಿದ್ದೆಲ್ಲ ಬಿಡಿಸಬೇಕಾದದ್ದೇ ಎಂದುಕೊಂಡಿದ್ದೆವು. ಬೇರೆ ಯಾವ ಮನೆಯವರಾಗಿದ್ದರೂ ಆ ಮುದ್ದೆಯನ್ನು ಹಿತ್ತಲಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಹಾಗಾಗಿದ್ದರೆ ಅವುಗಳ ಹಣೆಬರಹ ಅಷ್ಟೇ ಎನ್ನಬಹುದಿತ್ತು. ಒಂದೊಂದನ್ನೂ ಬೆರಳಲ್ಲಿ ಹಿಡಿದು, ಕರುಣೆಯಿಂದ, ಹೊದ್ದದ್ದನ್ನು ಕಿತ್ತು ಕೊಂದವರು ನಾವು ಮಾತ್ರ.

ಮನೆಗೆ ಬಂದಾಗ ಎಲ್ಲರೂ ಸಂಜೆಯ ಊಟಕ್ಕೆ ಕೂತಿದ್ದರು. ಅಪ್ಪ, ಅಜ್ಜಿ ಮಣೆಯ ಮೇಲೆ, ಅಮ್ಮ ಬಡಿಸುತ್ತಿದ್ದಳು. ಹೆಸರುಬೇಳೆ ಕಟ್ಟಿನ ಸಾರು, ಬಾಳೆಕಾಯಿ ಪಲ್ಯ. ನನಗೆ ಕಾಯುವ ತಾಳ್ಮೆ ಇರಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ.

"ಅಜ್ಜೀ, ಅವೆಲ್ಲ ಸತ್ತೋದ್ವು. ಲೋಳೆನೇ ಅವನ್ನ ಕಾಯ್ತಿತ್ತಂತೆ. ನಾವೇ ಕೊಂದ್ವಿ."

ಅಜ್ಜಿಯ ಕೈ ತುತ್ತಿನ ಮೇಲೆ ನಿಂತಿತು. ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದು, ನಡುಮನೆಗೆ ಹೋಗಿ ಗೋಡೆಗೆ ಒರಗಿ ಕೂತಳು. ಮೂರು ದಿನ ಉಪವಾಸ, ದಿನಕ್ಕೊಂದು ಸಲ ಬಿಸಿನೀರು ಮಾತ್ರ ಎಂದು ಅಲ್ಲಿಂದಲೇ ಹೇಳಿದಳು. ಅಪ್ಪ ತಟ್ಟೆ ಸರಿಸಿ ಎದ್ದರು.

"ಊಟಕ್ಕೆ ಕೂತಾಗ ಹೇಳೋ ಮಾತೇನೇ ಇದು? ವಯಸ್ಸಾದೋರು ಮೂರ್ ದಿನ ಉಪವಾಸ ಕೂತ್ರೆ ಏನ್ ಗತಿ? ಇದನ್ನೇ ಏನು ಅಲ್ಲಿ ಕಲಿಸೋದು? ಸಾಕು. ನಾಳೆಯಿಂದ ಸ್ಕೂಲಿಗೆ ಹೋಗ್ಬೇಡ."

"ನಾನೇನ್ ಸುಳ್ಳು ಹೇಳಿದ್ನಾ ಅಪ್ಪ?"

"ನಿಜ ಆದ್ರೂ ಹೇಳೋಕ್ಕೊಂದು ಹೊತ್ತು ಗೊತ್ತು ಇಲ್ವಾ?"

ಅಡುಗೆಮನೆಯಲ್ಲಿ ಅಮ್ಮ ನನ್ನ ಭುಜ ಹಿಡಿದು, ಗೊತ್ತಾದರೂ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕಿತ್ತು ಎಂದು ಪಿಸುಗುಟ್ಟಿದಳು. ಐವತ್ತು ವರ್ಷ ಹತ್ತಿರವಾಗುತ್ತಾ ಬಂತು, ಆ ಸಂಜೆಯನ್ನು ನೆನೆದರೆ ಈಗಲೂ ನನ್ನ ದವಡೆ ಬಿಗಿಯುತ್ತದೆ. ಬಿಡಿಸು ಎಂದವರಿಗೆ ಯಾರೂ ಏನೂ ಅನ್ನಲಿಲ್ಲ. ಬಿಡಿಸಿದ್ದಕ್ಕೂ ನನಗೆ ಶಿಕ್ಷೆಯಾಗಲಿಲ್ಲ. ಶಿಕ್ಷೆಯಾದದ್ದು ಹೇಳಿದ್ದಕ್ಕೆ.

ಮೂರು ದಿನ ಮನೆಯಲ್ಲೇ ಇದ್ದೆ. ಅಜ್ಜಿಗೆ ಕುಡಿಯಲು ನೀರು ಸೇದಿದೆ, ಗಾಳಿಸಿದೆ, ಕುದಿಸಿದೆ. ಕಲ್ಲುಬಾನಿಯಲ್ಲಿ ಹುಟ್ಟಿದ ಗೊದಮೊಟ್ಟೆಗಳನ್ನು ಬಿಂದಿಗೆಯಲ್ಲಿ ಬಾವಿಗೆ ಇಳಿಸಿದೆ. ಹತ್ತೂವರೆಗೆ ಶಾಲೆಯ ಗಂಟೆ ನಮ್ಮ ಹಿತ್ತಲವರೆಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕುಕ್ಕಿ ಇಡುತ್ತಿದ್ದೆ. ಅಮ್ಮ ಕಣ್ಣು ಬಿಡುತ್ತಿದ್ದಳು. ಮೂರನೆಯ ಮಧ್ಯಾಹ್ನ ಅಪ್ಪ ಅರಸೀಕೆರೆಗೆ ಹೋಗಿದ್ದರು, ಅಮ್ಮ ಮಲಗಿದ್ದಳು. ಬಿಸಿನೀರಿನ ಲೋಟವನ್ನು ಅಜ್ಜಿಯ ಮುಂದೆ ಇಟ್ಟವಳಿಗೆ ತಡೆಯಲಾಗಲಿಲ್ಲ.

"ಬಿಡ್ಸು ಅಂದಿದ್ದು ನೀನು. ಸ್ಕೂಲು ಹೋಗಿದ್ದು ನಂದು."

ಅಜ್ಜಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯಾಡಿಸಿದಳು.

"ಹೂಂ ಕಣೇ. ನಾನೇ ಅಂದಿದ್ದು. ಪಾಪ ನಂದೇ." ಲೋಟಕ್ಕಾಗಿ ತಡಕಾಡುತ್ತ ಕೇಳಿದಳು, "ಅದ್ಸರಿ, ಆ ಲೋಳೆ ಒಳಗೆ ಅವಕ್ಕೆ ಉಸ್ರು ಹೆಂಗೆ?"

"ನಂಗೇನ್ ಗೊತ್ತು? ಹೋದ್ರೆ ತಾನೇ ಗೊತ್ತಾಗದು."

"ಮೇಷ್ಟ್ರಿಗೆ ಗೊತ್ತಿರ್ತದಾ?"

"ಇರ್ತದೆ."

"ಹಂಗಾರೆ ನಾಳೆ ಹೋಗಿ ಕೇಳ್ಕಂಡ್ ಬಾ. ಗೊತ್ತಿಲ್ದೆ ಇನ್ನೊಂದ್ ಸತಿ ಕೈ ಇಕ್ಕಕ್ಕಾಗಲ್ಲ ನನ್ ಕೈಲಿ. ನಿಮ್ಮಪ್ಪಂಗೆ ನಾನ್ ಹೇಳ್ತೀನಿ."

ನಾಲ್ಕನೆಯ ದಿನ ಅವಳ ಪಾರಣೆ, ನನ್ನ ಶಾಲೆ. ಅಪ್ಪ ಬಂದು ಹಾರಾಡಿದಾಗ ಅಜ್ಜಿ ಗಂಜಿಯ ಲೋಟದಿಂದ ತಲೆಯೆತ್ತದೆ, 'ನಾನು ಕಳ್ಸಿದೀನಿ' ಎಂದಳು, ಅಷ್ಟೇ. ಉತ್ತರ ತಂದೆ. ನೀರಿನಲ್ಲಿ ಕರಗಿದ ಗಾಳಿ ಲೋಳೆಯ ಮೂಲಕವೇ ಒಳಗೆ ಇಳಿಯುತ್ತದೆ, ಲೋಳೆ ತಡೆಯಬೇಕಾದ್ದನ್ನು ತಡೆದು ಬಿಡಬೇಕಾದ್ದನ್ನು ಬಿಡುತ್ತದೆ ಎಂದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಹಾಗಾದರೆ ಮೀನಿನದು ಹೇಗೆ, ಹಲ್ಲಿಯದು ಹೇಗೆ, ಜೇಡ ಹೊಟ್ಟೆಯ ಕೆಳಗೆ ಹೊತ್ತುಕೊಂಡು ತಿರುಗುವ ಬಿಳಿ ಚೀಲದೊಳಗೆ ಇರುವುದೇನು, ಗುಡಿಸುವಾಗ ಅದು ಸಿಕ್ಕರೆ ಏನು ಮಾಡಬೇಕು ಎಂದು ಕೇಳಿದಳು. ನಾನು ಒಂದೊಂದು ಪ್ರಶ್ನೆ ಹೊತ್ತುಕೊಂಡು ಶಾಲೆಗೆ ಹೋದೆ. ಬೆಳಗಿನ ಕೆಲಸಕ್ಕೆ ಅಜ್ಜಿಯೇ ಮಾದಿಹಳ್ಳಿಯಿಂದ ತನ್ನ ತಂಗಿಯ ಸೊಸೆಯನ್ನು ಕರೆಸಿಕೊಂಡಳು. ಅದಕ್ಕೆ ನಾನು ಕೃತಜ್ಞಳಾಗಬೇಕಿತ್ತು. ಆಗಲಿಲ್ಲ, ಉರಿದುಹೋದೆ. ನಾನು ತಡವಾಗಿ ಹೋಗಿ ಬಾಗಿಲಲ್ಲಿ ನಿಂತು ಬೈಸಿಕೊಂಡ ಅಷ್ಟು ದಿನ ಕರೆಸಲು ಸಿಗದ ಹೆಂಗಸು ಕಪ್ಪೆಗಾಗಿ ಎರಡೇ ದಿನದಲ್ಲಿ ಸಿಕ್ಕಿದ್ದಳು.

ಬೇಗನೆ ಒಂದು ಉಪಾಯ ಕಲಿತೆ. ಪೂರ್ತಿ ಉತ್ತರ ಯಾವತ್ತೂ ತರುತ್ತಿರಲಿಲ್ಲ. ಮುಂದಿನದು ನಾಳೆ ಹೇಳುತ್ತಾರಂತೆ, ಆ ಪಾಠ ಒಂಬತ್ತನೇ ಕ್ಲಾಸಿನಲ್ಲಿ ಬರುತ್ತದಂತೆ, ಇನ್ನುಳಿದದ್ದು ಹತ್ತನೇ ಕ್ಲಾಸಿನ ಪುಸ್ತಕದಲ್ಲಿದೆಯಂತೆ. ಅಜ್ಜಿಯ ಪ್ರಶ್ನೆಗಳು ಬತ್ತಿದಾಗ ನಾನೇ ಅನುಮಾನ ಹುಟ್ಟಿಸುತ್ತಿದ್ದೆ. ಹೀಗೆ ಮೂರು ವರ್ಷ ಎಳೆದೆ. ಎಸ್ಸೆಸ್ಸೆಲ್ಸಿ ಪಾಸಾದೆ, ವಿಜ್ಞಾನದಲ್ಲಿ ಕ್ಲಾಸಿಗೇ ಮೊದಲು. ಮೇಷ್ಟ್ರು ಮನೆಯವರೆಗೂ ಬಂದು, ಜಗಲಿಯ ಮೇಲೆ ಕೂತು, ಇವಳನ್ನು ಕಾಲೇಜಿಗೆ ಹಾಕಿ ಎಂದು ಅಪ್ಪನಿಗೆ ಹೇಳಿದರು. ಅಪ್ಪ, ನೋಡೋಣ ಮೇಷ್ಟ್ರೇ, ಅಮ್ಮ ಏನಂತಾರೋ ಎಂದು ಜಾರಿಕೊಂಡರು. ಅಮ್ಮ ಎಂದರೆ ಅಜ್ಜಿ. ಅಷ್ಟು ಹೊತ್ತಿಗೆ ನನ್ನ ಓದಿನ ತೀರ್ಮಾನ ಅವಳದೇ ಎಂಬುದು ಮನೆಯಲ್ಲಿ ನಿಂತುಹೋಗಿತ್ತು. ನಾನು ಅಂದೇ ಅವಳ ಹತ್ತಿರ ಹೋಗಿ ಕೂತೆ. ಆಗ ಅವಳಿಗೆ ಬೆಳಕು ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಅಜ್ಜೀ, ನಾನು ಕಾಲೇಜಿಗೆ ಹೋಗ್ಲಾ? ಅಣ್ಣ ಇದ್ದ ಮನೇಲೇ ಇರ್ತೀನಿ."

"ಹೋಗು ಅಂದೆ ಅನ್ಕೋ. ಯಾತಕ್ಕೆ ಹೋಗ್ತೀಯ? ಇನ್ನೇನ್ ಕೇಳ್ಕಂಡ್ ಬರದು ಉಳ್ದೈತೆ?"

ಅವಳು ಅಡ್ಡಗಾಲು ಹಾಕಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು, ಮುಖವನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕಾದಳು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಯಾವುದೋ ಹುಳುವಿನ ಹೆಸರು ಹೇಳಿ, ಅದರ ಮೊಟ್ಟೆ ಬಗ್ಗೆ ಕಾಲೇಜಿನಲ್ಲಿ ಮಾತ್ರ ಹೇಳಿಕೊಡುತ್ತಾರಂತೆ ಎಂದಿದ್ದರೆ ಅವಳು ಆ ಕ್ಷಣವೇ ನನ್ನ ಟ್ರಂಕು ಕಟ್ಟಿಸುತ್ತಿದ್ದಳು. ಆದರೆ ಅವತ್ತು ನನಗೆ ಸಾಕಾಗಿಹೋಗಿತ್ತು. ಕಪ್ಪೆ, ಹಲ್ಲಿ, ಜೇಡ ಯಾವುದನ್ನೂ ಮುಂದೆ ಇಟ್ಟುಕೊಳ್ಳದೆ, ನನಗೆ ಬೇಕು, ನನಗೋಸ್ಕರ ಬೇಕು ಎಂದು ಹೇಳಬೇಕು ಅಂತಲೇ ಬಂದು ಕೂತಿದ್ದೆ. ಬಾಯಿ ತೆರೆದೆ. ಆ ಮನೆಯಲ್ಲಿ ಹದಿನಾರು ವರ್ಷ ಬೆಳೆದಿದ್ದೆ, ಆ ಮಾತನ್ನು ಒಂದು ಸಲವೂ ಆಡಿರಲಿಲ್ಲ, ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಅಜ್ಜಿ ಇನ್ನೂ ಕಾಯುತ್ತಿದ್ದಳು.

"ಏನೂ ಇಲ್ಲಜ್ಜಿ" ಅಂದೆ.